ಗೆರೆ ಎಲ್ಲಿ ನಿಲ್ಲಬೇಕು?

ಹಳೆಯ ಬಡಾವಣೆಯ ಯಾವುದಾದರೂ ಮನೆಯ ಕಿಟಕಿಯ ಕೆಳಗೆ ನಿಂತು, ತಲೆಯೆತ್ತಿ ಸಜ್ಜದ ಅಡಿಭಾಗವನ್ನು ನೋಡಿ. ಕೆಲಸ ಬಲ್ಲ ಮೇಸ್ತ್ರಿ ಕಟ್ಟಿದ್ದಾದರೆ ಹೊರ ಅಂಚಿನಿಂದ ಒಂದೆರಡು ಅಂಗುಲ ಒಳಗೆ, ಈ ತುದಿಯಿಂದ ಆ ತುದಿಯವರೆಗೆ, ಬೆರಳು ದಪ್ಪದ ಒಂದು ತೋಡು ಕಾಣುತ್ತದೆ. ಮಳೆನೀರು ಸಜ್ಜದ ಅಂಚಿಗೆ ಬಂದಮೇಲೆ ಪೂರಾ ನೆಲಕ್ಕೆ ಬೀಳುವುದಿಲ್ಲ. ಒಂದಿಷ್ಟು ಅಡಿಭಾಗಕ್ಕೆ ಅಂಟಿಕೊಂಡು ಗೋಡೆಯ ಕಡೆಗೇ ತೆವಳುತ್ತದೆ. ಆ ತೋಡು ಅದರ ದಾರಿಯನ್ನು ತುಂಡರಿಸುತ್ತದೆ. ನೀರು ಅಲ್ಲೇ ಹನಿಗಟ್ಟಿ ಕಳಚಿಕೊಳ್ಳುತ್ತದೆ. ತೋಡಿಲ್ಲದ ಸಜ್ಜದ ಕೆಳಗೆ ಗೋಡೆ ಪಾಚಿಗಟ್ಟುತ್ತದೆ, ಗಾರೆ ಉಬ್ಬುತ್ತದೆ, ಬಣ್ಣ ಹೊಪ್ಪಳಿಕೆ ಏಳುತ್ತದೆ. ಮೊಬೈಲಿನಲ್ಲಿ ಆ ಮನೆಯ ಫೋಟೊ ತೆಗೆದರೆ ತೋಡು ಒಂದು ಕಪ್ಪು ಎಳೆಯಾಗಿ ಬಂದರೂ ಬಂದೀತು, ಬಾರದೆಯೂ ಇದ್ದೀತು. ಆದರೆ ಪೆನ್ಸಿಲ್ ಹಿಡಿದು ಅದೇ ಸಜ್ಜವನ್ನು ಬರೆಯಲು ಕೂತವರು ಆ ಕಪ್ಪು ಎಳೆ ಏನೆಂದು ತೀರ್ಮಾನಿಸಲೇಬೇಕು. ಬಿರುಕೋ, ನೆರಳೋ, ಎರಡು ಕಲ್ಲುಗಳ ಸಂದೋ, ಬೇಕೆಂದೇ ಕೊರೆದದ್ದೋ? ಅದು ಗೊತ್ತಾಗದೆ ಗೆರೆಯನ್ನು ಎಲ್ಲಿ ಶುರುಮಾಡಿ ಎಲ್ಲಿ ನಿಲ್ಲಿಸಬೇಕೆಂಬುದು ತಿಳಿಯುವುದಿಲ್ಲ. ಬೀದಿಯಲ್ಲಿ ನಿಂತು ಕಟ್ಟಡದ ಒಂದು ತುಣುಕನ್ನು ಬರೆಯುವುದು ಮೊದಲಿಗೆ ತಿಳಿವಳಿಕೆಯ ಕೆಲಸ, ಅಂದಚಂದ ಆಮೇಲಿನದು ಎಂಬುದು ಈ ಲೇಖನದ ವಾದ. ನಮ್ಮ ನಗರಗಳು ಕಟ್ಟುತ್ತ ಕೆಡವುತ್ತ ಓಡುತ್ತಿರುವ ಈ ಹೊತ್ತಿನಲ್ಲಿ ಅದನ್ನು ಭಾನುವಾರದ ಹವ್ಯಾಸವೆಂದು ಬದಿಗೆ ಸರಿಸಿದರೆ ನಷ್ಟ ನಮ್ಮದೇ.

ಬೀದಿಗಿಳಿದು ನಗರವನ್ನು ಬರೆಯುವ ರೂಢಿ ಈಗ ಜಗತ್ತಿನಾದ್ಯಂತ ಹಬ್ಬಿದೆ. ಅಮೆರಿಕದ ಸಿಯಾಟಲ್‌ನಲ್ಲಿ ನೆಲೆಸಿದ ಸ್ಪೇನ್ ಮೂಲದ ಪತ್ರಕರ್ತ ಗೇಬ್ರಿಯಲ್ ಕಂಪನಾರಿಯೊ 2007ರಲ್ಲಿ ಇಂಥವರನ್ನೆಲ್ಲ ಆನ್‌ಲೈನ್‌ನಲ್ಲಿ ಒಂದೆಡೆ ಸೇರಿಸಿದರು. ಅದೇ ಮುಂದೆ ‘ಅರ್ಬನ್ ಸ್ಕೆಚರ್ಸ್’ ಎಂಬ ಸಂಸ್ಥೆಯಾಯಿತು. ಫೋಟೊ ನೋಡಿ ಬರೆಯಬಾರದು, ಸ್ಥಳದಲ್ಲೇ ಕೂತು ಕಂಡದ್ದನ್ನು ಕಂಡ ಹಾಗೆ ಬರೆಯಬೇಕು ಎಂಬುದು ಅದರ ಮುಖ್ಯ ನಿಯಮ. ಬೆಂಗಳೂರಿನಲ್ಲೂ ರಜೆಯ ದಿನ ಕಬ್ಬನ್ ಪಾರ್ಕ್, ಬಸವನಗುಡಿ, ಮಲ್ಲೇಶ್ವರದ ಕಡೆ ಸ್ಕೆಚ್‌ಬುಕ್ ಹಿಡಿದ ಗುಂಪುಗಳು ಕಾಣಸಿಗುತ್ತವೆ. ಇವರ ಪುಟಗಳಲ್ಲಿ ಹೆಚ್ಚಾಗಿ ಇರುವುದು ಇಡೀ ಬೀದಿ: ಮರ, ಆಟೊ, ಹೂವಿನವರು, ಹಿನ್ನೆಲೆಯಲ್ಲಿ ಒಂದು ಗೋಪುರ. ನೋಡಲು ಹಿತವಾದ ಚಿತ್ರಗಳೇ. ಆದರೂ ನನ್ನ ಒಲವು ಬಿಡಿಭಾಗಗಳ ಕಡೆಗೆ: ಒಂದು ಕಂಬದ ಬೋದಿಗೆ, ಒಂದು ಕಮಾನಿನ ನೆತ್ತಿಯ ಕಲ್ಲು, ಪ್ಯಾರಪೆಟ್ಟಿನ ಒಂದು ಮೂಲೆ. ಇಡೀ ಬೀದಿಯ ಚಿತ್ರ ಊರಿನ ಬದುಕನ್ನು ತೋರಿಸುತ್ತದೆ. ಕಟ್ಟಿದವರ ಯೋಚನೆ ಸಿಗುವುದು ಎರಡು ವಸ್ತುಗಳು ಕೂಡುವ ಕಡೆ. ಮರ ಗೋಡೆಯೊಳಗೆ ಹೊಗುವಲ್ಲಿ, ಕಲ್ಲು ಇಟ್ಟಿಗೆಯ ಭಾರ ಹೊರುವಲ್ಲಿ, ಸೂರು ಆಕಾಶಕ್ಕೆ ಮುಗಿಯುವಲ್ಲಿ.

ನೋಡುವುದಕ್ಕೆ ಕಣ್ಣು ಸಾಲದೇ, ಕೈ ಯಾಕೆ ಬೇಕು ಎಂದು ಕೇಳಬಹುದು. ಕಣ್ಣು ಎಷ್ಟು ಕಡಿಮೆ ನೋಡುತ್ತದೆ ಎಂಬುದಕ್ಕೆ ಮನೋವಿಜ್ಞಾನದಲ್ಲಿ ಹಳೆಯ ಸಾಕ್ಷ್ಯವಿದೆ. 1979ರಲ್ಲಿ ನಿಕರ್ಸನ್ ಮತ್ತು ಆಡಮ್ಸ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ ಜನರಿಗೆ ತಮ್ಮ ಪೆನ್ನಿ ನಾಣ್ಯವನ್ನು ನೆನಪಿನಿಂದ ಬರೆದು ತೋರಿಸಲು ಹೇಳಿದರು. ಹುಟ್ಟಿದಾಗಿನಿಂದ ಕೈಯಲ್ಲಿ ಆಡಿದ ನಾಣ್ಯ; ಆದರೂ ಅದರ ಮೇಲೆ ಏನೇನಿದೆ, ಎಲ್ಲೆಲ್ಲಿದೆ ಎಂಬುದನ್ನು ಸರಿಯಾಗಿ ಹೇಳಬಲ್ಲವರು ತೀರ ಕಡಿಮೆ. ಅಮೆರಿಕದ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಮ್ಯೂಸಿಯಮ್ಮಿಗೆ ಕರೆದೊಯ್ದ ವಿದ್ಯಾರ್ಥಿಗಳಿಗೆ ಕೆಲವು ವಸ್ತುಗಳ ಫೋಟೊ ತೆಗೆಯಲು, ಕೆಲವನ್ನು ಸುಮ್ಮನೆ ನೋಡಲು ಹೇಳಲಾಯಿತು. ಮರುದಿನ ಕೇಳಿದಾಗ ಫೋಟೊ ತೆಗೆದ ವಸ್ತುಗಳಿಗಿಂತ ನೋಡಿದ ವಸ್ತುಗಳೇ ಚೆನ್ನಾಗಿ ನೆನಪಿದ್ದವು. ವಸ್ತುವಿನ ಒಂದು ಭಾಗವನ್ನಷ್ಟೇ ಜೂಮ್ ಮಾಡಿ ತೆಗೆದಾಗ ಮಾತ್ರ ಆ ಮರೆವು ಕಾಣಲಿಲ್ಲ. ಬಿಡಿಭಾಗವನ್ನು ಆರಿಸಿಕೊಳ್ಳುವ ಕ್ರಿಯೆಯೇ ಗಮನವನ್ನು ಹಿಡಿದಿಡುತ್ತದೆ ಎಂದು ಇದರಿಂದ ಊಹಿಸಬಹುದು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೊಟ್ಟ ಪದಗಳನ್ನು ಅಕ್ಷರದಲ್ಲಿ ಬರೆದವರಿಗಿಂತ ಚಿತ್ರವಾಗಿ ಬರೆದವರಿಗೆ ಅವು ಹೆಚ್ಚು ನೆನಪುಳಿದವು. ಚಿತ್ರ ಚೆನ್ನಾಗಿತ್ತೋ ಇಲ್ಲವೋ ಎಂಬುದು ಮುಖ್ಯವಾಗಲಿಲ್ಲ. ಇವು ಪದಗಳ ಮೇಲೆ ನಡೆದ ಪ್ರಯೋಗಗಳು, ಕಟ್ಟಡಗಳ ಮೇಲಲ್ಲ ಎಂಬ ಎಚ್ಚರ ಇರಬೇಕು. ನೆನಪು ಉಳಿಯುವುದು ಬೇರೆ, ಅರ್ಥವಾಗುವುದು ಬೇರೆ. ಅರ್ಥವಾಗುವುದಕ್ಕೆ ಸಾಕ್ಷ್ಯ ಬೇಕಾದರೆ ವೆನಿಸ್‌ಗೆ ಹೋಗಬೇಕು.

ಇಂಗ್ಲೆಂಡಿನ ಕಲಾವಿಮರ್ಶಕ ಜಾನ್ ರಸ್ಕಿನ್ 1849ರಿಂದ 1852ರ ನಡುವೆ ಎರಡು ಚಳಿಗಾಲಗಳನ್ನು ವೆನಿಸ್‌ನಲ್ಲಿ ಕಳೆದ. ಏಣಿ ಹತ್ತಿ, ಅಳತೆ ಹಿಡಿದು, ಕಂಬಕಂಬವನ್ನೂ ಕಮಾನುಕಮಾನನ್ನೂ ಟಿಪ್ಪಣಿ ಪುಸ್ತಕಗಳಿಗೆ ಇಳಿಸಿದ. ಅದರ ಫಲವೇ 1851ರಿಂದ 1853ರವರೆಗೆ ಮೂರು ಸಂಪುಟಗಳಲ್ಲಿ ಬಂದ ‘ದಿ ಸ್ಟೋನ್ಸ್ ಆಫ್ ವೆನಿಸ್’. ಅಲ್ಲಿನ ದೊರೆಯ ಅರಮನೆಯ, ಅಂದರೆ ಡ್ಯೂಕಲ್ ಪ್ಯಾಲೇಸಿನ, ಸಮುದ್ರದ ಕಡೆಯ ಮುಖವನ್ನು ಸಾವಿರಾರು ಪ್ರವಾಸಿಗರು ನೋಡುತ್ತಾರೆ. ದೊಡ್ಡ ಕಿಟಕಿಗಳ ಸಾಲಿನಲ್ಲಿ ಬಲತುದಿಯ ಎರಡು ಉಳಿದವುಗಳಿಗಿಂತ ಕೆಳಗಿವೆ ಎಂಬುದು ಹೇಳುವತನಕ ಹಲವರ ಗಮನಕ್ಕೆ ಬರುವುದಿಲ್ಲ. ಬಂದರೂ ಕಟ್ಟಿದವರು ತಪ್ಪಿದ್ದಾರೆ ಅನ್ನಿಸಬಹುದು. ರಸ್ಕಿನ್ ಅದನ್ನು ತಪ್ಪೆನ್ನಲಿಲ್ಲ. ಒಳಗಿನ ಕೋಣೆಗಳಿಗೆ ಬೆಳಕು ಎಲ್ಲಿ ಬೇಕೋ ಅಲ್ಲಿಗೆ ಕಿಟಕಿ ಇಟ್ಟಿದ್ದಾರೆ, ಹೊರಗಿನ ಸಮತೆಗಾಗಿ ಒಳಗಿನ ಅನುಕೂಲವನ್ನು ಬಲಿಕೊಡಲಿಲ್ಲ ಎಂದು ವಿವರಿಸಿದ. ಗಾಥಿಕ್ ಕುಶಲಕರ್ಮಿಗಳ ಸ್ವಾತಂತ್ರ್ಯದ ಕುರಿತ ಅವನ ದೊಡ್ಡ ವಾದ ಇಂಥ ಸಣ್ಣ ವ್ಯತ್ಯಾಸಗಳ ಮೇಲೆ ನಿಂತಿದೆ. ಕಟ್ಟಡವನ್ನು ದೂರದಿಂದ ಒಟ್ಟಾಗಿ ನೋಡುವ ಕಣ್ಣು ಅವನ್ನು ತನಗೆ ತಾನೇ ತಿದ್ದಿಕೊಂಡುಬಿಡುತ್ತದೆ. ಸಾಲು ಸಮವಾಗಿದೆ ಎಂದು ನಂಬಿದ ಕೈ ನಾಲ್ಕನೆಯ ಕಿಟಕಿಯವರೆಗೆ ಸಲೀಸಾಗಿ ಬಂದು ಐದನೆಯದರಲ್ಲಿ ಎಡವುತ್ತದೆ. ಎಡವಿದಾಗಲೇ ಪ್ರಶ್ನೆ ಹುಟ್ಟುತ್ತದೆ.

ರಸ್ಕಿನ್ ಕ್ಯಾಮೆರಾದ ವೈರಿಯಾಗಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಆಗಷ್ಟೇ ಬಂದಿದ್ದ ಡಗೆರೋಟೈಪ್ ಛಾಯಾಚಿತ್ರಗಳನ್ನು ಅವನು 1845ರಲ್ಲೇ ವೆನಿಸ್‌ನಲ್ಲಿ ಕೊಂಡು ಸಂತೋಷಪಟ್ಟಿದ್ದ. ಆಮೇಲೆ ತನ್ನ ಸೇವಕನ ನೆರವಿನಿಂದ ತೆಗೆಸಿಯೂ ಇದ್ದ. ಕ್ಯಾಮೆರಾ, ಪೆನ್ಸಿಲ್ ಎರಡನ್ನೂ ಬಳಸಿದ ಮನುಷ್ಯ ಬರೆಯುವುದನ್ನು ಮಾತ್ರ ಬಿಡಲಿಲ್ಲ. 1854ರಿಂದ ಲಂಡನ್ನಿನ ದುಡಿಯುವವರ ಕಾಲೇಜಿನಲ್ಲಿ ಚಿತ್ರಕಲೆಯನ್ನೂ ಕಲಿಸಿದ. ಆ ಶಿಷ್ಯರೆಲ್ಲ ಕಲಾವಿದರಾಗಬೇಕೆಂಬ ಆಸೆ ಅವನಿಗಿರಲಿಲ್ಲ, ಅವರ ಕಣ್ಣು ಪಳಗಿದರೆ ಸಾಕಿತ್ತು.

ನಮ್ಮ ದೇಶದ್ದೇ ಒಂದು ಉದಾಹರಣೆ ಇದಕ್ಕಿಂತ ಗಟ್ಟಿ ಎಂದು ನನ್ನ ಭಾವನೆ. ಜೈಪುರ ಸಂಸ್ಥಾನದ ಎಂಜಿನಿಯರಾಗಿದ್ದ ಸ್ಯಾಮ್ಯುಯೆಲ್ ಸ್ವಿಂಟನ್ ಜೇಕಬ್, ಮಹಾರಾಜ ಎರಡನೆಯ ಸವಾಯಿ ಮಾಧೋ ಸಿಂಗ್ ಅವರ ನೆರವಿನಿಂದ, 1890ರಿಂದ 1913ರವರೆಗೆ ‘ಜೈಪುರ್ ಪೋರ್ಟ್‌ಫೋಲಿಯೊ ಆಫ್ ಆರ್ಕಿಟೆಕ್ಚರಲ್ ಡಿಟೇಲ್ಸ್’ ಎಂಬ ಹನ್ನೆರಡು ಭಾಗಗಳ ಚಿತ್ರಸಂಗ್ರಹವನ್ನು ಹೊರತಂದರು. ಉತ್ತರ ಭಾರತದ ಹಳೆಯ ಕಟ್ಟಡಗಳ ಮುಂದೆ ನಿಂತು ಅಳತೆ ಹಿಡಿದು ಬರೆದವರು ಜೈಪುರದ ನಕ್ಷೆಗಾರರು. ಸಂಗ್ರಹದ ಜೋಡಣೆಯನ್ನು ಗಮನಿಸಿ: ರಾಜವಂಶದ ಪ್ರಕಾರ, ಶತಮಾನದ ಪ್ರಕಾರ, ಊರಿನ ಪ್ರಕಾರ ವಿಂಗಡಿಸಿಲ್ಲ. ಮೊದಲ ಭಾಗ ಗೋಡೆಯ ಮೇಲಂಚು ಮತ್ತು ಅಧಿಷ್ಠಾನ, ಎರಡನೆಯದು ಕಂಬಗಳ ತಲೆ ಮತ್ತು ಪೀಠ, ಮುಂದೆ ಬಾಗಿಲು, ಬೋದಿಗೆ, ಕಮಾನು, ಕಟಾಂಜನ ಹೀಗೆ ಕಟ್ಟಡದಲ್ಲಿ ಆ ಭಾಗ ಮಾಡುವ ಕೆಲಸದ ಪ್ರಕಾರ ವಿಂಗಡಣೆ. ಹಾಳೆಗಳನ್ನು ಹೊಲಿಯದೆ ಬಿಡಿಯಾಗಿಯೇ ಇಟ್ಟರು. ಕೆಲಸಗಾರರು ಒಂದು ಕಾಲದ ಬೋದಿಗೆಯನ್ನು ಇನ್ನೊಂದು ಕಾಲದ ಬೋದಿಗೆಯ ಪಕ್ಕದಲ್ಲಿಟ್ಟು ಹೋಲಿಸಲಿ ಎಂದು. ನೂರು ಬೋದಿಗೆಗಳನ್ನು ಹೀಗೆ ಒಂದೆಡೆ ನೋಡಿದಾಗ ಯಾವುದು ತೊಲೆಯ ಭಾರವನ್ನು ಕಂಬಕ್ಕೆ ಇಳಿಸುತ್ತಿದೆ, ಯಾವುದು ಬರೀ ಅಲಂಕಾರಕ್ಕೆ ನಿಂತಿದೆ ಎಂಬುದು ತಾನಾಗಿ ಬಯಲಾಗುತ್ತದೆ. ವಸಾಹತು ಆಡಳಿತದ ಅಭಿರುಚಿ, ಅದರ ಯಜಮಾನಿಕೆ ಈ ಸಂಗ್ರಹದಲ್ಲಿ ಇಲ್ಲವೆಂದಲ್ಲ. ಆದರೆ ಹಾಳೆಗಳ ಮೇಲಿರುವ ಕೈ ಅಲ್ಲಿಯ ನಕ್ಷೆಗಾರರದು. ಅವರು ಕಟ್ಟಡವನ್ನು ಪ್ರವಾಸಿಯ ಹಾಗೆ ನೋಡಿಲ್ಲ, ನಾಳೆ ಕಟ್ಟಬೇಕಾದವರ ಹಾಗೆ ನೋಡಿದ್ದಾರೆ.

ಬೆಂಗಳೂರಿಗೆ ಬರೋಣ. ಇಲ್ಲಿಯ ಹಳೆಯ ಬಂಗಲೆಗಳ ಮಂಕಿಟಾಪ್ ಬರೆಯಲು ಒಳ್ಳೆಯ ವಸ್ತು. ಕಿಟಕಿ ಅಥವಾ ಪೋರ್ಟಿಕೊದ ಮೇಲೆ ಚೂಪಾಗಿ ಏರಿ ಇಳಿಯುವ ಪುಟ್ಟ ಇಳಿಜಾರು ಸೂರು. ಅದರ ಮುಂಭಾಗದಿಂದ ಸಾಲಾಗಿ ತೂಗುವ ಕಿರಿದಾದ ಮರದ ಪಟ್ಟಿಗಳು. ದಾರಿಹೋಕರ ಕಣ್ಣಿಗೆ ಅದು ಕುಸುರಿ. ಬರೆಯಲು ಹೊರಟರೆ ಮೊದಲು ಎದುರಾಗುವುದು ಪಟ್ಟಿಗಳ ನಡುವಿನ ಸಂದು. ಸಂದು ಬಿಡಬೇಕೋ ಬೇಡವೋ, ಬಿಟ್ಟರೆ ಎಷ್ಟು? ನೋಡಿದರೆ ಸಂದು ಇದೆ, ಒಳಗಿಂದ ಗಾಳಿ ಆಡುತ್ತದೆ. ಆಮೇಲೆ ಪಟ್ಟಿಗಳ ಕೆಳತುದಿ: ಅದನ್ನು ಅಡ್ಡಕ್ಕೆ ನೇರ ಕೊಯ್ದಿಲ್ಲ, ಚೂಪಾಗಿಯೋ ದುಂಡಗೋ ಕತ್ತರಿಸಿದ್ದಾರೆ. ಮರದ ಎಳೆಗಳು ಬಾಯಿ ತೆರೆಯುವುದು ಕೊಯ್ದ ತುದಿಯಲ್ಲಿ, ನೀರು ಕುಡಿದು ಮರ ಕೊಳೆಯಲು ಶುರುವಾಗುವುದೂ ಅಲ್ಲೇ. ತುದಿ ಚೂಪಾಗಿದ್ದರೆ ನೀರು ಒಂದೇ ಬಿಂದುವಿಗೆ ಹರಿದು ಉದುರುತ್ತದೆ. ಇನ್ನು, ಮೇಲೆ ಸೂರು ಇದ್ದಮೇಲೆ ಪಟ್ಟಿಗಳು ಇಷ್ಟು ಕೆಳಕ್ಕೆ ಇಳಿಯುವುದೇಕೆ? ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ಆಗಸ್ಟ್ ಮಧ್ಯದವರೆಗೆ ನೆತ್ತಿಯಿಂದ ಉತ್ತರಕ್ಕಿರುತ್ತಾನೆ, ಉಳಿದ ಕಾಲ ದಕ್ಷಿಣಕ್ಕೆ. ಎತ್ತರದ ಆ ಬಿಸಿಲನ್ನು ಮುಂಚಾಚಿದ ಸಜ್ಜವೊಂದೇ ತಡೆಯಬಲ್ಲದು. ಬೆಳಗಿನ ಮತ್ತು ಸಂಜೆಯ ಬಿಸಿಲು ಓರೆಯಾಗಿ ಸಜ್ಜದ ಅಡಿಯಿಂದ ನುಗ್ಗುತ್ತದೆ. ಅದಕ್ಕೆ ಮೇಲಿನಿಂದ ಇಳಿಬಿಟ್ಟ ತೆರೆಯೇ ಬೇಕು, ಗಾಳಿಗೆ ಅಡ್ಡಬಾರದ ತೆರೆ. ಪಟ್ಟಿಗಳು ಮಾಡುವ ಕೆಲಸ ಅದೇ. ಸಂದು, ತುದಿ, ಇಳಿತ ಈ ಮೂರನ್ನೂ ಪೆನ್ಸಿಲ್ ಒಂದೊಂದಾಗಿ ಕೇಳಿದ್ದರಿಂದ ಉತ್ತರವೂ ಒಂದೊಂದಾಗಿ ಬಂತು.

ಅಂಬೇಡ್ಕರ್ ವೀಧಿಯಲ್ಲಿ ಎದುರುಬದುರಾಗಿರುವ ಎರಡು ಕಟ್ಟಡಗಳನ್ನು ಹೀಗೆಯೇ ಅಕ್ಕಪಕ್ಕದ ಪುಟಗಳಲ್ಲಿ ಬರೆದು ಹೋಲಿಸಬಹುದು. 1868ರಲ್ಲಿ ಮುಗಿದ ಅಠಾರಾ ಕಚೇರಿಯ ಕೆಂಪು ಗೋಡೆಗಳ ನಡುವೆ ಗ್ರೀಕ್ ಮಾದರಿಯ ಅಯಾನಿಕ್ ಕಂಬಗಳಿವೆ. ಈ ಜಾತಿಯ ಕಂಬದ ತಲೆಯಲ್ಲಿ ಎರಡು ಸುರುಳಿಗಳು. ಎದುರಿನಿಂದ ಒಂದು ರೂಪ, ಪಕ್ಕದಿಂದ ಸುತ್ತಿಟ್ಟ ಹಾಸಿಗೆಯ ಹಾಗೆ ಇನ್ನೊಂದು ರೂಪ. ಹಾಗಾದರೆ ಎರಡು ಮುಖಗಳು ಕೂಡುವ ಮೂಲೆಯ ಕಂಬದ ಗತಿ ಏನು? ಪ್ರಾಚೀನ ಗ್ರೀಕರು ಮೂಲೆಯ ಸುರುಳಿಯನ್ನು ಓರೆಯಾಗಿ ಹೊರಕ್ಕೆಳೆದು ಎರಡೂ ಕಡೆಗೆ ಮುಖ ಕಾಣುವಂತೆ ಮಾಡಿದರು. ನೀವು ನೋಡುತ್ತಿರುವ ಮೂಲೆಯಲ್ಲಿ ಯಾವ ಉಪಾಯ ಮಾಡಿದ್ದಾರೆ ಎಂಬುದನ್ನು ತಿಳಿಯಲು ಒಂದು ಚಿಕ್ಕ ಸ್ಕೆಚ್ ಸಾಕು. ರಸ್ತೆಯ ಆಚೆ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ರೂಪುಗೊಂಡು 1956ರಲ್ಲಿ ಮುಗಿದ ವಿಧಾನಸೌಧ. ಪೂರ್ವದ ಮುಖಮಂಟಪದಲ್ಲಿ 40 ಅಡಿ ಎತ್ತರದ ಹನ್ನೆರಡು ಗ್ರಾನೈಟ್ ಕಂಬಗಳು. ಗಾರೆಯಲ್ಲಿ ಅಚ್ಚುಕಟ್ಟಾಗಿ ತೀಡಬಹುದಾದ ಸುರುಳಿಯನ್ನು ಗಡಸು ಗ್ರಾನೈಟಿನಲ್ಲಿ ತೆಗೆಯುವುದು ಕಷ್ಟ. ಗ್ರಾನೈಟ್ ಕೇಳುವುದು ದಪ್ಪ ಮಡಿಕೆ, ಅಗಲ ದಳ, ಆಳವಾದ ನೆರಳು. ವಸ್ತು ಬದಲಾದರೆ ಗೆರೆಯೂ ಬದಲಾಗುತ್ತದೆ ಎಂಬುದನ್ನು ವಾಸ್ತುಶಿಲ್ಪದ ಪುಸ್ತಕ ಹೇಳಬಹುದು, ಆದರೆ ಎರಡನ್ನೂ ಬರೆದ ಕೈಗೆ ಅದು ಅನುಭವಕ್ಕೆ ಬಂದಿರುತ್ತದೆ. ಎರಡೂ ಕಡೆ ಭದ್ರತೆಯ ಕಟ್ಟುಪಾಡು ಇರುವುದರಿಂದ ಸಾರ್ವಜನಿಕ ಜಾಗದಲ್ಲಿ ನಿಂತು ಬರೆಯುವುದೇ ಸರಿ.

ಇಷ್ಟೆಲ್ಲ ಕಷ್ಟ ಯಾಕೆ, ಲೇಸರ್ ಸ್ಕ್ಯಾನರ್ ಇದೆಯಲ್ಲ ಎಂಬುದು ಗಂಭೀರವಾದ ಆಕ್ಷೇಪ. ವಾಸ್ಸರ್ ಕಾಲೇಜಿನ ಕಲಾ ಇತಿಹಾಸಕಾರ ಆ್ಯಂಡ್ರ್ಯೂ ಟ್ಯಾಲನ್ 2010ರಲ್ಲಿ ಪ್ಯಾರಿಸ್‌ನ ನೋತ್ರ್‌ ದಾಮ್ ಚರ್ಚನ್ನು ಲೇಸರ್‌ನಿಂದ ಅಳೆದು ನೂರು ಕೋಟಿಗೂ ಹೆಚ್ಚು ಬಿಂದುಗಳ ದಾಖಲೆ ಮಾಡಿಟ್ಟಿದ್ದರು. 2019ರ ಏಪ್ರಿಲ್ 15ರಂದು ಚರ್ಚಿನ ಚಾವಣಿ ಸುಟ್ಟುಹೋದಾಗ ಆ ದಾಖಲೆಯ ಬೆಲೆ ಜಗತ್ತಿಗೆ ಗೊತ್ತಾಯಿತು. ಯಾವ ಸ್ಕೆಚ್‌ಬುಕ್ಕೂ ಅಂಥ ನಿಖರತೆಯನ್ನು ಕೊಡಲಾರದು ಎಂಬುದನ್ನು ಒಪ್ಪಲೇಬೇಕು. ಆದರೆ ಸುಟ್ಟ ಮರದ ಚೌಕಟ್ಟನ್ನು ಮತ್ತೆ ಕಟ್ಟುವಾಗ ಇನ್ನೊಂದು ದಾಖಲೆಯೂ ಮುಖ್ಯವಾಯಿತು: ಬೆಂಕಿಗೆ ಕೆಲವು ವರ್ಷ ಮೊದಲು ರೆಮಿ ಫ್ರೋಮಾಂ ಮತ್ತು ಸೆಡ್ರಿಕ್ ತ್ರಾಂತೆಸೋ ಎಂಬ ಇಬ್ಬರು ವಾಸ್ತುಶಿಲ್ಪಿಗಳು ಚಾವಣಿಯೊಳಗೆ ಹೋಗಿ ತೊಲೆಗಳನ್ನು ಅಳೆದು ತಯಾರಿಸಿದ ನಕ್ಷೆಗಳು. ಫ್ರೋಮಾಂ ಮುಂದೆ ಪುನರ್ನಿರ್ಮಾಣದ ಪ್ರಮುಖ ವಾಸ್ತುಶಿಲ್ಪಿಗಳಲ್ಲಿ ಒಬ್ಬರಾದರು. ಸ್ಕ್ಯಾನರ್ ಮೇಲ್ಮೈ ಎಲ್ಲೆಲ್ಲಿದೆ ಎಂಬುದನ್ನು ಹೇಳುತ್ತದೆ. ಈ ತೊಲೆ ಆ ತೊಲೆಯೊಳಗೆ ಹೇಗೆ ಕೂತಿದೆ, ಯಾವುದನ್ನು ಮೊದಲು ಏರಿಸಿ ಯಾವುದನ್ನು ಆಮೇಲೆ ಹೂಡಿದ್ದಾರೆ ಎಂಬುದನ್ನು ಮನುಷ್ಯರೇ ಓದಿ ಬರೆಯಬೇಕು. ಯಂತ್ರದ ದಾಖಲೆ ಹೆಚ್ಚಾದಷ್ಟೂ ಅದನ್ನು ಓದಬಲ್ಲವರ ಅಗತ್ಯ ಹೆಚ್ಚುತ್ತದೆ.

ಚಿತ್ರ ಬರೆಯಲು ಬಾರದವರು ಏನು ಮಾಡಬೇಕು? ಇಲ್ಲಿ ಬೇಕಾದ ಕೌಶಲ ಜನ ಅಂದುಕೊಂಡದ್ದಕ್ಕಿಂತ ತುಂಬ ಕಡಿಮೆ. ಛಾಯೆ, ಬಣ್ಣ, ಪರ್ಸ್‌ಪೆಕ್ಟಿವ್‌ನ ಲೆಕ್ಕ ಯಾವುದೂ ಬೇಡ. ಒಂದೇ ಭಾಗವನ್ನು ಮೂರು ಚಿಕ್ಕ ಚಿತ್ರಗಳಾಗಿ ಬರೆದರೆ ಸಾಕು: ಎದುರಿನಿಂದ ಕಾಣುವ ರೂಪ, ಪಕ್ಕದಿಂದ ಕಾಣುವ ಏರಿಳಿತ, ಅಡ್ಡಕ್ಕೆ ಕತ್ತರಿಸಿದರೆ ಹೇಗಿದ್ದೀತು ಎಂಬ ಊಹೆ. ಮೂರನೆಯದನ್ನು ಬರೆಯುವಾಗ ಗೊತ್ತಿಲ್ಲದ್ದು ಎಷ್ಟಿದೆ ಎಂಬುದು ತಿಳಿಯುತ್ತದೆ, ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುವುದು ಪ್ರಾಮಾಣಿಕ ಕೆಲಸ. ಅಳತೆಗೆ ಗೋಡೆಯೇ ನೆರವಾಗುತ್ತದೆ. ಗಾರೆ ಉದುರಿದ ಕಡೆ ಇಟ್ಟಿಗೆಯ ವರಸೆ ಎಣಿಸಿ, ಕೈಗೆಟುಕುವ ಒಂದು ಇಟ್ಟಿಗೆಯನ್ನು ಗೇಣಿನಿಂದ ಅಳೆದರೆ ಕಮಾನಿನ ಎತ್ತರ ಸುಮಾರಾಗಿ ಸಿಗುತ್ತದೆ. ಸಮಯ ನೋಡಿಕೊಂಡು ಹೋಗಬೇಕು: ಬಿಸಿಲು ಗೋಡೆಗೆ ಒರಸಿಕೊಂಡಂತೆ ಓರೆಯಾಗಿ ಬೀಳುವಾಗ ಕಾರ್ನಿಸಿನ ಒಂದೊಂದು ಮಡಿಕೆಯೂ ನೆರಳಿನಲ್ಲಿ ಎದ್ದು ನಿಲ್ಲುತ್ತದೆ, ಮೋಡದ ದಿನ ಎಲ್ಲ ಚಪ್ಪಟೆ. ಪುಟದ ಮೂಲೆಯಲ್ಲಿ ತಾರೀಖು, ಬೀದಿ, ಗೋಡೆ ಯಾವ ದಿಕ್ಕಿಗಿದೆ ಎಂಬುದನ್ನು ಬರೆದಿಟ್ಟರೆ ಅದು ಇನ್ನೊಬ್ಬರಿಗೂ ಉಪಯೋಗಕ್ಕೆ ಬರುವ ದಾಖಲೆ.

ಉಳಿದದ್ದು ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ: ಸ್ಕೆಚ್ ಯಾವ ಕಟ್ಟಡವನ್ನು ಉಳಿಸಿದೆ? 1980ರ ದಶಕದ ಆರಂಭದಲ್ಲಿ ಅಠಾರಾ ಕಚೇರಿಯನ್ನೇ ಕೆಡವುವ ಪ್ರಸ್ತಾಪ ಬಂದಿತ್ತು. ವಿಷಯ ನ್ಯಾಯಾಲಯದವರೆಗೂ ಹೋಯಿತು. ಅದನ್ನು ಉಳಿಸಿದ್ದು ನಾಗರಿಕರ ವಿರೋಧವೇ ಹೊರತು ಯಾರ ಪೆನ್ಸಿಲ್ಲೂ ಅಲ್ಲ. ಲಾಲ್‌ಬಾಗಿನ ಕ್ರುಂಬಿಗಲ್ ಸಭಾಂಗಣ ಊರಿಗೆಲ್ಲ ಪರಿಚಿತವಾಗಿದ್ದೂ 2017ರಲ್ಲಿ ನೆಲಸಮವಾಯಿತು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಇವನ್ನು ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಸ್ಕೆಚ್ ಕಟ್ಟಡವನ್ನು ಉಳಿಸುತ್ತದೆ ಎಂದು ನಾನು ಹೇಳಲಾರೆ. ಆದರೆ ಆ ವಾದಗಳಲ್ಲಿ ಒಂದು ಕಡೆ ಎಂಜಿನಿಯರುಗಳ ವರದಿ, ಇನ್ನೊಂದು ಕಡೆ ಅಭಿಮಾನದ ಮಾತು, ನಡುವೆ ಸಾಮಾನ್ಯ ನಾಗರಿಕರು ಮೂಕರು. ನೀರು ಎಲ್ಲಿಂದ ಇಳಿಯಿತು, ಸುಣ್ಣದ ಗಾರೆಯ ಮೇಲೆ ಸಿಮೆಂಟ್ ಬಳಿದರೆ ಗೋಡೆಯೊಳಗಿನ ತೇವ ಯಾಕೆ ಸಿಕ್ಕಿಬೀಳುತ್ತದೆ, ಪ್ಯಾರಪೆಟ್ಟಿನಲ್ಲಿ ಬೇರೂರಿದ ಅರಳಿ ಸಸಿ ಏನು ಮಾಡುತ್ತದೆ ಎಂದು ಕೇಳಬಲ್ಲ ಜನ ಊರಿನಲ್ಲಿ ನೂರಾರು ಮಂದಿಯಿದ್ದರೆ ‘ಶಿಥಿಲವಾಗಿದೆ’ ಎಂಬ ಒಂದೇ ಪದದಿಂದ ಚರ್ಚೆ ಮುಗಿಯಲಾರದು. ಕುಸಿದ ಮೇಲೆ ಕೇಳುವ ಪ್ರಶ್ನೆಗಳನ್ನು ಹತ್ತು ವರ್ಷ ಮೊದಲೇ ಕೇಳುವುದಕ್ಕೆ ಹೀಗೆ ಪಳಗಿದ ಕಣ್ಣು ಬೇಕು.

ಇದೆಲ್ಲ ಬ್ರಿಟಿಷರ ಕಾಲದ ಬಂಗಲೆಗಳ ಮೇಲಿನ ಹಂಬಲ, ಅನುಕೂಲಸ್ಥರ ಹವ್ಯಾಸ ಎಂಬ ಟೀಕೆಯಲ್ಲಿ ಹುರುಳಿದೆ. ಸ್ಕೆಚ್‌ಬುಕ್ಕುಗಳು ಮತ್ತೆಮತ್ತೆ ಅದೇ ಗೋಪುರ, ಅದೇ ಕಮಾನಿನ ಕಡೆ ಹೋಗುತ್ತವೆ. ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದವುಗಳಿಗೆ ಫೋಟೊಗಳಿವೆ, ಕಡತಗಳಿವೆ, ಪರ ವಹಿಸುವವರಿದ್ದಾರೆ. ಈಗ ಗೆರೆ ಬೇಕಾಗಿರುವುದು ರಾಜಾಜಿನಗರ, ಜಯನಗರ, ಹನುಮಂತನಗರದ 30X40 ಸೈಟುಗಳಲ್ಲಿ 1960ರಿಂದ 80ರ ದಶಕದವರೆಗೆ ಮೇಸ್ತ್ರಿಗಳು ಕಟ್ಟಿದ ಮನೆಗಳಿಗೆ. ಅವುಗಳ ಮೆಟ್ಟಿಲಿನ ಗೋಡೆಗೆ ಕೂಡಿಸಿದ ಸಿಮೆಂಟ್ ಜಾಲರಿ, ಉದಯಿಸುವ ಸೂರ್ಯನ ಕಿರಣಗಳಂತೆ ಬೆಸೆದ ಗೇಟಿನ ಸರಳು, ಕಿಟಕಿಯ ಮೇಲಿನ ವೆಂಟಿಲೇಟರು, ಕಾವಿಬಣ್ಣದ ರೆಡ್‌ಆಕ್ಸೈಡ್ ನೆಲ ಜಗಲಿಯ ಅಂಚಿನಲ್ಲಿ ದುಂಡಗೆ ತಿರುಗಿ ಮೆಟ್ಟಿಲಿಗಿಳಿಯುವ ರೀತಿ ಯಾವ ಪಟ್ಟಿಯಲ್ಲೂ ಇಲ್ಲ, ಯಾವ ವಾಸ್ತುಶಿಲ್ಪಿಯ ಹೆಸರೂ ಅವಕ್ಕಿಲ್ಲ. ನಾಲ್ಕಂತಸ್ತಿನ ಬಾಡಿಗೆ ಮನೆಗಳಿಗಾಗಿ ಅವು ಬೀದಿಬೀದಿಯಲ್ಲೂ ಬೀಳುತ್ತಿವೆ. ಸಿಮೆಂಟ್ ಜಾಲರಿಯ ಅಚ್ಚು ಹೇಗಿರುತ್ತಿತ್ತು, ತೂತುಗಳು ಒಳಗೆ ಮಳೆ ಎರಚದಂತೆ ಹೊರಕ್ಕೆ ಇಳಿಜಾರಾಗಿದ್ದವೇ, ನಯಮಾಡಿದ ನೆಲದ ಅಂಚನ್ನು ಯಾವ ಕರಣೆಯಿಂದ ತಿರುಗಿಸುತ್ತಿದ್ದರು ಎಂಬುದನ್ನು ಬಲ್ಲ ಮೇಸ್ತ್ರಿಗಳು ಕೆಲವರಾದರೂ ಇನ್ನೂ ಇದ್ದಾರೆ. ಬರೆದ ಪುಟವನ್ನು ಅವರ ಮುಂದೆ ಹಿಡಿದು, ಪ್ರಶ್ನಾರ್ಥಕ ಚಿಹ್ನೆ ಹಾಕಿದ ಜಾಗವನ್ನು ತೋರಿಸಿ ಕೇಳಿದರೆ ಉತ್ತರ ಈಗಲೂ ಸಿಗುತ್ತದೆ.